ಸ್ಮಾರ್ಟ್ ಕ್ಲಾಸ್ ಪರದೆ ಬಂತು ಸರಿ, ಅದರೊಳಗೆ ಪಾಠ ತುಂಬೋರು ಯಾರು?

ವಡ್ಡು: ಸಂಡೂರು ಸೀಮೆಯಲ್ಲಿ ಶಾಲೆಗೆ ದುಡ್ಡೇ ಇಲ್ಲ ಅನ್ನೋ ಮಾತು ಈಗ ಪೂರ್ತಿ ನಿಜವಲ್ಲ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆಯಿತು. ಅಲ್ಲಿಂದೀಚೆಗೆ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ (ಡಿಎಂಎಫ್) ಹಣ ಕಟ್ಟಬೇಕು. ಹಳೇ ಗುತ್ತಿಗೆಯಾದರೆ ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದದ್ದಾದರೆ ಶೇ 10ರಷ್ಟು. ಕುಡಿಯುವ ನೀರು, ಆರೋಗ್ಯದ ಜೊತೆ ಶಿಕ್ಷಣವೂ ಆ ಹಣದ ಆದ್ಯತಾ ಪಟ್ಟಿಯಲ್ಲಿದೆ. ಹಾಗಾಗಿ ಶಾಲೆಗೆ ಏನು ಬೇಕು ಅಂತ ಕೇಳಿದರೆ ಕೊಠಡಿ, ಕಾಂಪೌಂಡ್ ಆದಮೇಲೆ ಬರೋ ಉತ್ತರ ಸ್ಮಾರ್ಟ್ ಕ್ಲಾಸ್.

ಬೇಡಿಕೆ ತಪ್ಪಲ್ಲ. ಆದರೆ ಪರದೆ ಗೋಡೆಗೆ ಹಾಕೋದು ಒಂದು ದಿನದ ಕೆಲಸ. ಜೂನ್‌ನಿಂದ ಮಾರ್ಚ್‌ವರೆಗೆ ಅದರಲ್ಲಿ ಏನು ತೋರಿಸಬೇಕು, ಯಾರು ಹುಡುಕಿಡಬೇಕು, ನೆಟ್ ಹೋದಾಗ ಏನು ಮಾಡಬೇಕು? ಇದು ಬಗೆಹರಿಯದಿದ್ದರೆ ಲಕ್ಷಾಂತರ ರೂಪಾಯಿಯ ಪರದೆಗೆ ಬಟ್ಟೆ ಮುಚ್ಚಿ ಇಡೋದಷ್ಟೇ.

ಈಗ ಯಾಕೆ ಈ ಮಾತು?

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಕೊಠಡಿಗಳಲ್ಲಿ ಕ್ಯಾಮೆರಾ ಕೂತವು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ನಕಲಿನ ದಾರಿ ಮುಚ್ಚಿದ ಮೇಲೆ ಉಳಿದಿರೋದು ತರಗತಿಯ ಪಾಠ ಒಂದೇ. ಪಾಠ ಸರಿಯಾಗಿ ಅರ್ಥವಾಗದ ಮಗುವಿನ ಮನೆಯವರು ಟ್ಯೂಷನ್‌ಗೋ, ದುಡ್ಡಿನ ಆ್ಯಪ್‌ಗೋ ಹೋಗ್ತಾರೆ. ಆ್ಯಪ್ ಕಂಪನಿಗಳದ್ದೂ ಗಟ್ಟಿ ನೆಲವಲ್ಲ. ಬೆಂಗಳೂರಿನ ಬೈಜೂಸ್‌ನಂಥ ದೊಡ್ಡ ಕಂಪನಿಯೇ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು.

ಪುಕ್ಕಟೆ ಸಿಗೋದು ಏನೇನು?

ದುಡ್ಡು ಕೊಟ್ಟು ಕೊಳ್ಳೋದಕ್ಕೆ ಮೊದಲು, ಕನ್ನಡದಲ್ಲೇ ಉಚಿತವಾಗಿ ಇರೋದನ್ನ ನೋಡೋಣ.

ಮೊದಲನೆಯದು ದೀಕ್ಷಾ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ ಶುರುವಾದ ಸರ್ಕಾರಿ ವೇದಿಕೆ. ಮಕ್ಕಳ ಪಠ್ಯಪುಸ್ತಕದಲ್ಲಿ ಪಾಠದ ಪಕ್ಕ ಕ್ಯೂಆರ್ ಕೋಡ್ ಇರುತ್ತದೆ. ಅಂಗಡಿಯಲ್ಲಿ ಫೋನ್‌ಪೇಗೆ ಹಿಡಿದಂತೆ ಅದಕ್ಕೆ ದೀಕ್ಷಾ ಆ್ಯಪ್ ಹಿಡಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಕ್ಯಾಮೆರಾ ಕೈಕೊಟ್ಟರೆ ಕೋಡ್ ಕೆಳಗಿರೋ ಆರು ಅಕ್ಷರ-ಅಂಕಿ ಟೈಪ್ ಮಾಡಿದರೂ ಆದೀತು. ಮನೆಯಲ್ಲಿ ಪುಸ್ತಕ ಇದ್ದರೆ ಇವತ್ತೇ ಹಿಡಿದು ನೋಡಿ.

ವಿಜ್ಞಾನಕ್ಕೆ ಫೆಟ್ ಇದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. 10ನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಬ್ಯಾಟರಿ, ವೈರು, ಬಲ್ಬು ಪರದೆ ಮೇಲೇ ಜೋಡಿಸಬಹುದು. ಒಂದು ಬಲ್ಬ್ ಕಿತ್ತರೆ ಉಳಿದವು ಆರುತ್ತವೋ ಉರಿಯುತ್ತವೋ, ಮಕ್ಕಳೇ ಮಾಡಿ ನೋಡಬಹುದು. ಲ್ಯಾಬ್ ಇಲ್ಲದ ಶಾಲೆಗೆ ಇದು ದೊಡ್ಡ ಆಸರೆ. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಗಣಿತಕ್ಕೆ ಜಿಯೋಜೀಬ್ರಾ. ಬೋರ್ಡ್ ಮೇಲೆ ಒಮ್ಮೆ ಬರೆದ ವೃತ್ತ ಅಲುಗಾಡಲ್ಲ. ಇಲ್ಲಿ ಬಿಂದುವನ್ನು ಎಳೆದಂತೆ ಸ್ಪರ್ಶಕವೂ ಸರಿಯುತ್ತದೆ.

ಐಟಿ ಫಾರ್ ಚೇಂಜ್ ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ನಮ್ಮ ಸರ್ಕಾರಿ ಶಾಲೆ ಶಿಕ್ಷಕರೇ ತಯಾರಿಸಿದ ಚಟುವಟಿಕೆಗಳಿವೆ. ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಸ್ತಕಗಳ ಪಿಡಿಎಫ್, ಪರೀಕ್ಷಾ ಮಂಡಳಿಯ ತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತವೆ. ಜೆರಾಕ್ಸ್ ಅಂಗಡಿಯವರು ಅಲ್ಲಿಂದಲೇ ಪ್ರಿಂಟ್ ಕೊಟ್ಟರೆ ಪೋಷಕರಿಗೆ ಗೈಡ್ ಖರ್ಚು ಎಷ್ಟೋ ಉಳಿದೀತು.

ನಮ್ಮ ಕಡೆಯ ತರಗತಿ ಬೇರೆ

ತೋರಣಗಲ್ಲು, ವಡ್ಡು, ಕುರೇಕುಪ್ಪ ಭಾಗಕ್ಕೆ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ಹೊರರಾಜ್ಯಗಳಿಂದಲೂ ಕುಟುಂಬಗಳು ಬರ್ತವೆ. ಹಿಂದಿ, ಒಡಿಯಾ, ತೆಲುಗು ಮಾತಾಡೋ ಮಗು ಕನ್ನಡ ಪಾಠದ ಮುಂದೆ ಸುಮ್ಮನೆ ಕೂರುತ್ತದೆ. ಕಂಪ್ಲಿ ಕಡೆ ಕೆಲವು ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಹೊಸಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು.

ಇಂಥ ಕಡೆ ಕೆಲಸಕ್ಕೆ ಬರೋದು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್. 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದು ಶುರುವಾಯಿತು. ಅಲ್ಲಿ ಒಂದೇ ಚಿತ್ರಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಒಡಿಯಾ ಮಗು ಮೊದಲು ತನ್ನ ಭಾಷೆಯಲ್ಲಿ ಕಥೆ ಕೇಳಿ, ಆಮೇಲೆ ಅದೇ ಚಿತ್ರ ನೋಡ್ತಾ ಕನ್ನಡದಲ್ಲಿ ಓದಬಹುದು. ಕಥೆ ಇಳಿಸಿಕೊಳ್ಳೋದು, ಪ್ರಿಂಟ್ ಹಾಕೋದು, ಶಿಕ್ಷಕರೇ ಹೊಸ ಅನುವಾದ ಸೇರಿಸೋದು, ಎಲ್ಲಕ್ಕೂ ಅನುಮತಿ ಇದೆ.

ತೊಡಕು ನೆಟ್ಟಿನದಷ್ಟೇ ಅಲ್ಲ

"ನೆಟ್ಟೇ ಬರಲ್ಲ ಸರ್, ಏನ್ ತೋರ್ಸಾದು?" ಅಂತ ಶಿಕ್ಷಕರು ಕೇಳಿದರೆ ಅದು ನೆಪ ಅಲ್ಲ. ಆದರೆ ಮೇಲೆ ಹೇಳಿದ ಬಹುಪಾಲು ಸಾಮಗ್ರಿ ನೆಟ್ ಇಲ್ಲದೆಯೂ ನಡೆಯುತ್ತದೆ. ದೀಕ್ಷಾದ ಪಾಠ ಆ್ಯಪ್‌ನಲ್ಲೇ ಇಳಿಸಿ ಇಡಬಹುದು. ಫೆಟ್‌ನ ಹೊಸ ಮಾದರಿಯ ಪ್ರಯೋಗಗಳು ಒಂದೊಂದು ಒಂದೇ ಫೈಲು, ಬ್ರೌಸರ್ ಇದ್ದರೆ ಸಾಕು. ಜಿಯೋಜೀಬ್ರಾ ಒಮ್ಮೆ ಹಾಕಿಕೊಂಡರೆ ಆಯಿತು. ಎಲ್ಲವನ್ನೂ ಒಂದು ಪೆನ್‌ಡ್ರೈವ್‌ನಲ್ಲಿ ತರಗತಿವಾರು, ಪಾಠವಾರು ಜೋಡಿಸಿ ಇಟ್ಟರೆ ಇಡೀ ವರ್ಷ ನಡೆದೀತು.

ನಿಜವಾದ ತೊಡಕು ಸಮಯ. ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ, ಬಿಸಿಯೂಟದ ಲೆಕ್ಕ, ವಾಟ್ಸ್‌ಆ್ಯಪ್‌ಗೆ ಬರೋ ಸುತ್ತೋಲೆಗೆ ಉತ್ತರ, ಇದೆಲ್ಲ ಮುಗಿಸಿದ ಶಿಕ್ಷಕರಿಗೆ ಪಾಠ ಹುಡುಕಿ ಜೋಡಿಸೋಕೆ ಹೊತ್ತೆಲ್ಲಿ? ಪ್ರತಿ ಶಾಲೆಯಲ್ಲೂ ಪ್ರತಿ ಶಿಕ್ಷಕರು ಒಂದೇ ಕೆಲಸ ಮತ್ತೆ ಮತ್ತೆ ಮಾಡಬೇಕಾದ್ದೂ ಇಲ್ಲ. ಒಂದು ಕ್ಲಸ್ಟರಿನಲ್ಲಿ ಆಸಕ್ತಿ ಇರೋ ಇಬ್ಬರು ಶಿಕ್ಷಕರಿಗೆ ವಾರಕ್ಕೊಂದು ಪೀರಿಯಡ್ ಬಿಡುವು ಕೊಟ್ಟರೆ, ಅವರು ಜೋಡಿಸಿದ್ದು ಇಡೀ ಕ್ಲಸ್ಟರಿಗೆ ಹಂಚಬಹುದು.

ಕೇರಳ ಇದನ್ನ ಮೊದಲೇ ಅರಿತಿತ್ತು. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿದರು, ಪುಕ್ಕಟೆ ಸಿಗೋ ಮುಕ್ತ ತಂತ್ರಾಂಶವನ್ನೇ ಬಳಸಿದರು. 45 ಸಾವಿರ ತರಗತಿಗಳಿಗೆ ಹೈಟೆಕ್ ಸಲಕರಣೆ ಹೋದದ್ದು ಎಷ್ಟೋ ವರ್ಷ ಆದಮೇಲೆ. ಮೊದಲು ಮೇಷ್ಟ್ರು, ಆಮೇಲೆ ಮಷೀನು.

ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದ್ದು

ಎಸ್‌ಡಿಎಂಸಿಯಲ್ಲಿ ಇರೋರು ನಾವೇ: ಪೋಷಕರು, ಅಂಗಡಿಯವರು, ಓಣಿಯ ಹಿರಿಯರು. ಮುಂದಿನ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳೋಣ:

1. ನಮ್ಮ ಶಾಲೆಯ ಪರದೆ, ಪ್ರೊಜೆಕ್ಟರ್ ಕಳೆದ ತಿಂಗಳು ಎಷ್ಟು ದಿನ ಆನ್ ಆಗಿತ್ತು? ಕೆಟ್ಟಿದ್ದರೆ ರಿಪೇರಿ ಹೊಣೆ ಯಾರದ್ದು?

2. ತರಗತಿವಾರು ಪಾಠ ತುಂಬಿದ ಪೆನ್‌ಡ್ರೈವ್ ಇದೆಯಾ?

3. ಶಿಕ್ಷಕರು ಪಾಠಕ್ಕೆ ಸ್ವಂತ ಫೋನಿನ ಡೇಟಾ ಸುಡ್ತಿದ್ದಾರಾ? ಸಮಗ್ರ ಶಿಕ್ಷಣದಲ್ಲಿ ಮಕ್ಕಳ ಸಂಖ್ಯೆ ನೋಡಿ ಶಾಲೆಗೆ ವಾರ್ಷಿಕ ಅನುದಾನ ಉಂಟು. ಅದರಲ್ಲಿ ಇದಕ್ಕೆ ಜಾಗ ಮಾಡಬಹುದಾ?

4. ಡಿಎಂಎಫ್‌ನಿಂದ ಹೊಸ ಪರದೆ ಕೇಳೋದಾದರೆ, ಅರ್ಜಿಯಲ್ಲಿ ಶಿಕ್ಷಕರ ತರಬೇತಿ ಮತ್ತು ನಿರ್ವಹಣೆಯೂ ಸೇರಿದೆಯಾ?

ಆಗಸ್ಟ್ 15ಕ್ಕೆ ಶಾಲೆಗೆ ಲಾಡು, ನೋಟ್‌ಬುಕ್ ಕೊಡೋ ರೂಢಿ ನಮ್ಮ ವ್ಯಾಪಾರಸ್ಥರಲ್ಲಿದೆ. ಅದರ ಜೊತೆಗೆ ಈ ಸಲ ಒಂದು ಪೆನ್‌ಡ್ರೈವ್ ಕೊಡಬಹುದು. ಮೊಬೈಲ್ ಅಂಗಡಿಯವರು ತಮ್ಮ ವೈಫೈನಲ್ಲಿ ಒಂದು ಸಂಜೆ ಪಾಠ ಇಳಿಸಿಕೊಳ್ಳೋಕೆ ಶಿಕ್ಷಕರಿಗೆ ಜಾಗ ಕೊಡಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಈ ಕೆಲಸ ಅಲ್ಲೂ ಆದೀತು. ಖರ್ಚು ಕೆಲವು ನೂರು ರೂಪಾಯಿ. ಗೋಡೆಗೆ ತೂಗುಬಿದ್ದ ಪರದೆಗೆ ಜೀವ ಬರೋದು ಇಂಥದ್ದರಿಂದಲೇ.