ನೆರಳಿನಲ್ಲಿ ಕುಳಿತವರು



ಪುಣೆಯ ಮಹಾತ್ಮಾ ಫುಲೆ ಮಂಡೈ ಜಲವರ್ಣ ಕಲಾವಿದರಿಗೆ ಅಚ್ಚುಮೆಚ್ಚಿನ ವಸ್ತು. ಕೆಲವು ತಿಂಗಳ ಹಿಂದೆ ಒಂದು ಪ್ರದರ್ಶನದಲ್ಲಿ ಇಂಥದೇ ಒಂದು ಸಂತೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. ಬಿಸಿಲಿನ ಪಟ್ಟಿಯೊಂದು ಟೊಮೆಟೊ ರಾಶಿಯ ಮೇಲೆ ಬಿದ್ದಿದೆ. ತಕ್ಕಡಿಯ ತಟ್ಟೆ ಹೊಳೆಯುತ್ತಿದೆ. ತಕ್ಕಡಿ ಹಿಡಿದ ಹೆಂಗಸಿನ ಮುಖ ಮಾತ್ರ ನೆರಳಿನಲ್ಲಿ ಕರಗಿಹೋಗಿದೆ.

ಜಲವರ್ಣದಲ್ಲಿ ಬೆಳಕನ್ನು ಬಳಿಯಲಾಗದು. ಬಿಳಿಯ ಕಾಗದವನ್ನು ಹಾಗೆಯೇ ಉಳಿಸಿದರೆ ಅದೇ ಬಿಸಿಲು. ಕಲಾವಿದನ ಶ್ರಮವೆಲ್ಲ ಸಲ್ಲುವುದು ನೆರಳಿಗೆ. ಅದೂ ಬರಿಯ ಕಪ್ಪಲ್ಲ. ತಾಡಪಾಲಿನ ನೀಲಿ, ಸೊಪ್ಪಿನ ಹಸಿರು ಅದರೊಳಗೆ ಸೇರಿರುತ್ತವೆ. ಹಾಲೆಂಡಿನ ಪೆಟ್ರಸ್ ವಾನ್ ಶೆಂಡೆಲ್ (1806–1870) ರಾತ್ರಿಯ ಸಂತೆಗಳನ್ನು ಮೊಂಬತ್ತಿ, ದೀಪಗಳ ಬೆಳಕಿನಲ್ಲಿ ಚಿತ್ರಿಸಿದ. ಅಲ್ಲಿ ಮಾರುವವಳ ಮುಖವೂ ಬೆಳಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನಾವೆಲ್ಲ ಕಂಡಿದ್ದೇವೆ. ರವಿವರ್ಮನದೆಂದು ಹಲವರು ನಂಬಿರುವ ಆ ಜಲವರ್ಣ ಮಹಾರಾಷ್ಟ್ರದ ಎಸ್. ಎಲ್. ಹಳದಣಕರರದು. ಅಲ್ಲಿಯೂ ಬೆಳಕು ಮನುಷ್ಯರ ಮುಖವನ್ನು ಹುಡುಕಿಕೊಂಡು ಹೋಗುತ್ತದೆ.

ಆದರೆ ಹಗಲಿನ ಸಂತೆಯ ನ್ಯಾಯವೇ ಬೇರೆ. ಸೊಪ್ಪು ಬಾಡದಿರಲೆಂದು ಮಾರುವವರು ನೆರಳನ್ನೇ ಅರಸಿ ಕೂರುತ್ತಾರೆ. ನಾನು ವರ್ಷಗಳಿಂದ ಸೊಪ್ಪು ಕೊಳ್ಳುವ ಹೆಂಗಸೊಬ್ಬಳಿದ್ದಾಳೆ. ನನ್ನದು ಕಚೇರಿಯಲ್ಲಿ ಕಲಿತ ಮರಾಠಿ, ಅವಳದು ಸಂತೆಯಲ್ಲಿ ಕಲಿತದ್ದು. ಪ್ರದರ್ಶನ ನೋಡಿದ ಮರುವಾರ ಅವಳು ಮಗನನ್ನು ಗದರಿದ್ದು ಕನ್ನಡದಲ್ಲಿ. ನಾನು ಕನ್ನಡದಲ್ಲಿಯೇ ಊರು ಕೇಳಿದೆ. “ಇಂಡಿ ಕಡಿಯವ್ರರಿ. ನೀವೂ ನಮ್ಮವ್ರs ಏನ್ರಿ?” ಎಂದಳು. ಆ ಪ್ರಶ್ನೆಯಲ್ಲಿ ಸಂತೋಷವಿತ್ತು. ನನ್ನಲ್ಲಿ ನಾಚಿಕೆಯೂ ಇತ್ತು.

1886ರಲ್ಲಿ ರೇ ಮಾರ್ಕೆಟ್ ಎಂಬ ಹೆಸರಿನಿಂದ ತೆರೆದ ಈ ಕಟ್ಟಡಕ್ಕೆ ಹಣ ಸುರಿಯುವುದನ್ನು ನಗರಸಭೆಯ ಸದಸ್ಯರಾಗಿದ್ದ ಜೋತಿರಾವ್ ಫುಲೆಯವರು ವಿರೋಧಿಸಿದ್ದರು. ಆ ಹಣ ಜನರ ಶಿಕ್ಷಣಕ್ಕೆ ಸಲ್ಲಲಿ ಎಂಬುದು ಅವರ ನಿಲುವಾಗಿತ್ತು. ಮುಂದೆ ಕಟ್ಟಡಕ್ಕೆ ಅವರದೇ ಹೆಸರು ಬಂದಿತು. ಅವರ ಆ ಮಾತು ಇಂದು ನಮ್ಮ ಸಂಘಕ್ಕೂ ಅನ್ವಯಿಸುತ್ತದೆ.

ನಮ್ಮ ಸದಸ್ಯರ ಪಟ್ಟಿಯಲ್ಲಿ ಅಧಿಕಾರಿಗಳಿದ್ದೇವೆ, ಬ್ಯಾಂಕಿನವರಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಸೊಪ್ಪು ಮಾರುವವರು, ಇಟ್ಟಿಗೆ ಹೊರುವವರು ಅದರಲ್ಲಿಲ್ಲ. ನಾವು ಸಮಾರಂಭಗಳನ್ನು ಇಟ್ಟುಕೊಳ್ಳುವುದು ಭಾನುವಾರ ಸಂಜೆ, ಅವರ ವ್ಯಾಪಾರದ ಹೊತ್ತಿಗೆ. ಕರೆಯದೆ ಇದ್ದು, ಬರಲಿಲ್ಲವೆಂದು ದೂರುವುದು ಸರಿಯಲ್ಲ.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ಸೂಚನೆ: ಈ ರಾಜ್ಯೋತ್ಸವದ ವೆಚ್ಚದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಅವರ ಮಕ್ಕಳಿಗಾಗಿ ಮಂಡೈಯ ಹತ್ತಿರವೇ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ, ಒಂದು ಕನ್ನಡ ತರಗತಿ ತೆರೆಯೋಣ. ಕಲಿಸಲು ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಹೆಸರು ತಿಳಿಸಬೇಕು. ಮೊದಲನೆಯ ಹೆಸರು ನನ್ನದು.

— ಸಂಪಾದಕ