ಮಾಗಿಯ ಕಾಲದಲ್ಲಿ ತೋಟದ ಅಗತೆ

ರಾಗಿಯ ಕೊಯ್ಲು ಮುಗಿದು ಮೆದೆ ಒಟ್ಟಿದೊಡನೆಯೇ ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳ ಜಮೀನುದಾರರ ಲಕ್ಷ್ಯವೆಲ್ಲವೂ ಕಣದ ಕಡೆಗೆ ತಿರುಗುವುದು ವಾಡಿಕೆ. ಇರುವ ಆಳುಗಳೆಲ್ಲರೂ ಒಕ್ಕಣೆಗೆ ಹೋಗುವರು. ತರಕಾರಿಯ ತೋಟವು ಶಿವರಾತ್ರಿಯವರೆಗೆ ಗುದ್ದಲಿಯನ್ನೇ ಕಾಣದು. ಈ ಕ್ರಮವು ತಲೆಕೆಳಗಾದುದೆಂದು ನನ್ನ ಅಭಿಪ್ರಾಯ. ಮೆದೆಯಲ್ಲಿರುವ ರಾಗಿಯು ಒಂದೆರಡು ತಿಂಗಳು ಕಾಯಬಲ್ಲುದು, ತೋಟದ ಮಣ್ಣು ಕಾಯಲಾರದು. ಮೆದೆಗೆ ಇಲಿಯ ಭಯವುಂಟೆಂದು ಹೇಳುವರು, ನಿಜ; ಆದರೆ ನೆಲದಿಂದೆತ್ತರಿಸಿ ಚೆನ್ನಾಗಿ ಒಟ್ಟಿದ ಮೆದೆಗೆ ಆ ಭಯವು ಅಲ್ಪ.

ಹಿಂಗಾರು ಮಳೆಯು ಕೊಟ್ಟ ಹದವು ನಮ್ಮ ಕೆಂಪು ಮಣ್ಣಿನಲ್ಲಿ ಬಹುದಿನ ನಿಲ್ಲುವುದಿಲ್ಲ. ಮಾರ್ಗಶಿರದಲ್ಲಿ ಗುದ್ದಲಿಗೆ ಸುಲಭವಾಗಿ ಬರುವ ನೆಲವನ್ನು ಮಾಘದಲ್ಲಿ ಹಾರೆಯಿಂದ ಒಡೆಯಬೇಕಾಗುವುದು. ಆಗ ಕೂಲಿಯು ಹೆಚ್ಚು, ಕೆಲಸವು ಕಡಿಮೆ.

ಚಳಿಗಾಲದಲ್ಲಿ ಅಗೆದು ಹೆಂಟೆಗಳನ್ನು ಹಾಗೆಯೇ ಬಿಡತಕ್ಕದ್ದು, ಚಳಿಯೇ ಅವನ್ನು ಪುಡಿಮಾಡುವುದು ಎಂಬುದಾಗಿ ಇಂಗ್ಲೆಂಡಿನ ತೋಟಗಾರಿಕೆಯ ಪುಸ್ತಕಗಳಲ್ಲಿ ಹೇಳಿರುವುದುಂಟು. ಅದನ್ನು ನಂಬಿ ಇಲ್ಲಿಯೂ ಹಾಗೆಯೇ ಬಿಡುವವರಿರುವರು. ಆ ದೇಶದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ, ಸುಮಾರು ೧೧ರಲ್ಲಿ ಒಂದು ಪಾಲಿನಷ್ಟು ಹಿಗ್ಗಿ, ಹೆಂಟೆಯನ್ನು ಒಳಗಿನಿಂದಲೇ ಸೀಳುವುದು. ನಮ್ಮಲ್ಲಿ ಅಂತಹ ಚಳಿಯೆಲ್ಲಿ? ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತಿ ಕಡಿಮೆ ಉಷ್ಣಾಂಶವು ೧೮೮೪ನೆಯ ಇಸವಿ ಜನವರಿ ೧೩ರಂದು ಕಂಡ ೭.೮ ಡಿಗ್ರಿ ಸೆಂಟಿಗ್ರೇಡ್. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಆದುದರಿಂದ ನಮ್ಮ ಹೆಂಟೆಯನ್ನು ಗುದ್ದಲಿಯ ಹಿಂಬದಿಯೇ ಒಡೆಯಬೇಕು, ಅದೂ ಅಗೆದ ದಿನವೇ. ಮರುದಿನಕ್ಕೆ ಬಿಟ್ಟ ಕೆಂಪು ಹೆಂಟೆಯು ಇಟ್ಟಿಗೆಯಂತಾಗುವುದು. ಎರೆಯ ಭೂಮಿಯ ಸಂಗತಿಯು ಬೇರೆ. ಅದು ಒಣಗಿದಂತೆ ಬಿರಿದು, ಮುಂಗಾರಿನ ಮೊದಲ ಹದಮಳೆಗೆ ತಾನಾಗಿಯೇ ಅರಳುವುದಾದ ಕಾರಣ, ಅಲ್ಲಿ ದಪ್ಪ ಹೆಂಟೆಗಳನ್ನು ಬಿಡುವುದರಲ್ಲಿ ದೋಷವಿಲ್ಲ.

ಹದವನ್ನು ಪಂಚಾಂಗದಿಂದ ತಿಳಿಯಲಾಗದು. ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ, ಬೆರಳಿನಿಂದ ತಟ್ಟಿದಲ್ಲಿ ಉಂಡೆಯು ಉದುರಿದರೆ ಅಗೆಯಬಹುದು. ಮೆತ್ತಿಕೊಂಡರೆ ಇನ್ನೆರಡು ದಿನ ತಡೆಯತಕ್ಕದ್ದು. ಇಬ್ಬನಿ ಆರುವ ಮುನ್ನ, ನಡುಗುವ ಆಳುಗಳನ್ನು ತೋಟಕ್ಕೆ ಅಟ್ಟುವ ಯಜಮಾನರುಂಟು. ಒದ್ದೆ ಮಣ್ಣು ಗುದ್ದಲಿಗಂಟಿ ಕೆಲಸವು ಸಾಗದು, ತುಳಿದ ನೆಲವೂ ಗಟ್ಟಿಯಾಗುವುದು. ಬಿಸಿಲೇರಿದ ಮೇಲೆ ಆರಂಭಿಸಿದರೆ ನಷ್ಟವೇನೂ ಇಲ್ಲ.

ಬರಿಯ ತೋಟದಲ್ಲಿ ಒಂಬತ್ತು ಅಂಗುಲದಿಂದ ಒಂದು ಅಡಿಯವರೆಗೆ ಅಗೆಯುವುದು ಯುಕ್ತ. ತೆಂಗು ಅಡಿಕೆಗಳ ಬುಡದಲ್ಲಿ ಮಾತ್ರ ಗುದ್ದಲಿಯು ಆಳಕ್ಕಿಳಿಯಕೂಡದು, ಬೇರು ಕಡಿಯುವುದು. ಅಗೆದ ನೆಲದಲ್ಲಿ ಮೇಲೆ ಬಂದ ಕಂಬಳಿಹುಳುವಿನ ಕೋಶಗಳನ್ನು ಗೊರವಂಕಗಳೂ ಕಾಗೆಗಳೂ ಆಯ್ದು ತಿನ್ನುವುವು. ಉಳಿದವು ಬಿಸಿಲಿಗೆ ಸಾಯುವುವು. ಜೇಕಿನ ಗೆಡ್ಡೆಯನ್ನೂ ಗರಿಕೆಯ ಬೇರನ್ನೂ ಕೈಯಿಂದಲೇ ಆರಿಸಿ ಹೊರಹಾಕಬೇಕು. ಟ್ರ್ಯಾಕ್ಟರಿನ ರೋಟವೇಟರು ಇವನ್ನು ತುಂಡರಿಸಿ ತೋಟದ ತುಂಬ ನೆಡುವುದೇ ಹೊರತು ನಾಶಮಾಡುವುದಿಲ್ಲ. ಅರೆಕೊಳೆತ ಗೊಬ್ಬರವನ್ನು ಈಗಲೇ ಬೆರಸುವುದು ತಪ್ಪು: ನೀರಿಲ್ಲದೆ ಅದು ಕೊಳೆಯದು, ಗೆದ್ದಲಿಗೆ ಔತಣವಾಗುವುದು.

ಅಗತೆಯನ್ನು ಅಳತೆಯ ಗುತ್ತಿಗೆಗೆ ಕೊಟ್ಟು ಜಗಲಿಯ ಮೇಲೆ ಕುಳಿತವರು, ನಾಲ್ಕಂಗುಲ ಕೆರೆದ ನೆಲಕ್ಕೆ ಒಂದಡಿಯ ಹಣವನ್ನು ತೆತ್ತಿರುವುದನ್ನು ಕಂಡಿದ್ದೇನೆ. ಅಲ್ಲಲ್ಲಿ ಒಂದು ಕೋಲನ್ನು ಚುಚ್ಚಿ ನೋಡಿದರೆ ಸಾಕು.

ಗ್ರಾಮದ ಮುಖಂಡರಾದವರು ಒಕ್ಕಣೆಯ ದಿನಗಳನ್ನು ಗೊತ್ತುಮಾಡುವ ಮೊದಲೇ ತೋಟಗಳಿಗೆಂದು ಹತ್ತು ದಿನಗಳನ್ನು ಬಿಡಿಸಿ, ಆಳುಗಳನ್ನು ಸರದಿಯಂತೆ ಹಂಚಬೇಕೆಂದು ಕೋರುತ್ತೇನೆ. ಸಣ್ಣ ಹಿಡುವಳಿಯವರ ಸರದಿಯು ಮೊದಲಾಗಲಿ. ದೊಡ್ಡ ತೋಟಗಳವರು ಬಾವಿಯ ನೀರು ಹಾಯಿಸಿಯಾದರೂ ಹದವನ್ನು ತಂದುಕೊಳ್ಳಬಲ್ಲರು, ಅವರಿಗೆ ಆ ಅನುಕೂಲವಿಲ್ಲ.