ನಿಂಬೆಯ ಹಣ್ಣೂ ನೌಕಾಬಲವೂ

ಹಾಯಿಹಡಗುಗಳ ಕಾಲದಲ್ಲಿ ಆಂಗ್ಲ ನಾವಿಕರನ್ನು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಕೊಂದುದು ರೋಗವೆಂದರೆ ನಮ್ಮ ವಾಚಕರಿಗೆ ಸೋಜಿಗವಾದೀತು. ತಿಂಗಳುಗಟ್ಟಲೆ ಒಣರೊಟ್ಟಿ, ಉಪ್ಪುಮಾಂಸಗಳನ್ನೇ ತಿಂದವರಿಗೆ ಒಸಡು ಕೊಳೆತು, ಮಾಯ್ದ ಗಾಯಗಳು ಮತ್ತೆ ಬಾಯ್ದೆರೆದು ಪ್ರಾಣವೇ ಹೋಗುತ್ತಿದ್ದಿತು. ಇದೇ ಸ್ಕರ್ವಿ ರೋಗ.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ‘ಸಾಲಿಸ್‌ಬರಿ’ ಹಡಗಿನಲ್ಲಿ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಾಗಿ ವಿಂಗಡಿಸಿ, ಆರು ಬಗೆಯ ಮದ್ದುಗಳನ್ನು ಪರೀಕ್ಷಿಸಿದನು. ಕಿತ್ತಳೆ, ನಿಂಬೆಗಳನ್ನು ತಿಂದ ಇಬ್ಬರೇ ಎಲ್ಲರಿಗಿಂತ ಬೇಗನೆ ಚೇತರಿಸಿಕೊಂಡರು. 1753ರಲ್ಲಿ ಅವನ ಗ್ರಂಥವೂ ಪ್ರಕಟವಾಯಿತು. ಆದರೂ ನೌಕಾಡಳಿತವು ನಾವಿಕರ ಪಡಿಗೆ ನಿಂಬೆಯ ರಸವನ್ನು ಸೇರಿಸಲೊಪ್ಪಿದುದು 1795ರಲ್ಲಿ! ನಡುವಣ 48 ವರ್ಷಗಳಲ್ಲಿ ಅಳಿದವರ ಮನೆಗಳನ್ನು ನೆನೆದರೆ ನಮ್ಮ ಮನಸ್ಸು ಮರುಗುತ್ತದೆ.

ತಿಳಿವು ಗ್ರಂಥದಲ್ಲಿದ್ದರೆ ಸಾಲದು. ಅದು ಉಗ್ರಾಣಕ್ಕೆ ಇಳಿಯಬೇಕು. ಹಡಗಿಗೆ ಸಲ್ಲುವ ಈ ಮಾತು ಗೃಹಕ್ಕೂ ಸಲ್ಲುವುದೆಂದು ನಾವು ಭಾವಿಸುತ್ತೇವೆ.